ಸಣ್ಣ ಸಂಘ-ಸಂಸ್ಥೆಗಳ ತೆರಿಗೆ ವಿನಾಯಿತಿ: ಪಡೆಯುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ

ಊರಿನ ವಾಚನಾಲಯ, ಯಕ್ಷಗಾನ ಮಂಡಳಿ, ಮಹಿಳಾ ಸಮಾಜ, ವೃದ್ಧಾಶ್ರಮ, ಬಡ ವಿದ್ಯಾರ್ಥಿಗಳ ಉಚಿತ ಪ್ರಸಾದ ನಿಲಯ ಮುಂತಾದ ಸಂಸ್ಥೆಗಳ ಲೆಕ್ಕಪತ್ರವನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ಅಥವಾ ಊರಿನ ವ್ಯಾಪಾರಿಗಳು. ಸಂಬಳವಿಲ್ಲದೆ ದುಡಿಯುವ ಇಂಥ ಕಾರ್ಯದರ್ಶಿ ಮತ್ತು ಖಜಾಂಚಿಗಳ ಹೆಗಲ ಮೇಲೆ ಕಳೆದ ಕೆಲವು ವರ್ಷಗಳಿಂದ ಹೊಸದೊಂದು ಹೊಣೆ ಬಿದ್ದಿದೆ. ಸಂಸ್ಥೆಗೆ ದೊರೆತಿರುವ ಆದಾಯ ತೆರಿಗೆ ವಿನಾಯಿತಿಯನ್ನು ಅವಧಿ ಮುಗಿಯದಂತೆ ಕಾಪಾಡಿಕೊಳ್ಳುವುದೇ ಆ ಹೊಣೆ.

ಹಿಂದೆ ಈ ಚಿಂತೆ ಇರಲಿಲ್ಲ. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 12ಎ, 1997ರ ನಂತರ 12ಎಎ ಅಡಿಯಲ್ಲಿ ಒಮ್ಮೆ ನೋಂದಣಿ ದೊರೆತರೆ, ಇಲಾಖೆ ರದ್ದುಪಡಿಸುವವರೆಗೂ ಅದು ಊರ್ಜಿತವಾಗಿರುತ್ತಿತ್ತು. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿ ನಿಶ್ಚಿಂತರಾದ ಸಂಸ್ಥೆಗಳು ಬಹಳ. 2020ರ ಹಣಕಾಸು ಕಾಯ್ದೆ ಈ ವ್ಯವಸ್ಥೆಯನ್ನು ಬುಡಸಮೇತ ಬದಲಿಸಿತು. ಹೊಸ ಸೆಕ್ಷನ್ 12ಎಬಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅಲ್ಲಿಂದೀಚೆಗೆ ನೋಂದಣಿ ಎಂಬುದು ವಾಹನ ಚಾಲನಾ ಪರವಾನಗಿಯಂತೆ ಅವಧಿಗೆ ಕಟ್ಟುಬಿದ್ದಿದೆ; ನವೀಕರಿಸದಿದ್ದರೆ ಸತ್ತುಹೋಗುತ್ತದೆ. ಹಣ ದುರುಪಯೋಗ ಮಾಡಿಕೊಂಡ ಸಂಸ್ಥೆಗಳು ವಿನಾಯಿತಿ ಕಳೆದುಕೊಳ್ಳುವುದು ನ್ಯಾಯವೇ. ಆದರೆ ಒಂದು ರೂಪಾಯಿಯೂ ಆಚೀಚೆಯಾಗದ ಸಂಸ್ಥೆ ಕೇವಲ ಒಂದು ದಿನಾಂಕ ಮರೆತು ಅದೇ ಗತಿಗೆ ಬರಬಹುದಾದ ಸನ್ನಿವೇಶ ಈಗಿನದು.

ಎರಡು ನೋಂದಣಿ, ಎರಡು ಉದ್ದೇಶ

ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸಿದರೆ ಅಥವಾ ಟ್ರಸ್ಟ್ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಸಂಸ್ಥೆ ಹುಟ್ಟುತ್ತದೆಯೇ ಹೊರತು ತೆರಿಗೆ ವಿನಾಯಿತಿ ತಾನಾಗಿ ಬರುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ಅರ್ಜಿ ಸಲ್ಲಿಸಬೇಕು.

ಅಲ್ಲಿಯೂ ಎರಡು ಬಗೆಗಳಿವೆ. ಜನರ ಬಾಯಲ್ಲಿ ಇಂದಿಗೂ '12ಎ' ಎಂದೇ ಉಳಿದಿರುವ ನೋಂದಣಿ ಸಂಸ್ಥೆಯ ಸ್ವಂತ ಆದಾಯಕ್ಕೆ, ಅಂದರೆ ದೇಣಿಗೆ, ಬಾಡಿಗೆ, ಬ್ಯಾಂಕ್ ಬಡ್ಡಿಗೆ ರಕ್ಷಣೆ ಕೊಡುತ್ತದೆ. '80ಜಿ' ಅನುಮೋದನೆಯ ಪ್ರಯೋಜನ ದೊರೆಯುವುದು ದಾನಿಗೆ. ಆತ ಕೊಟ್ಟ ಮೊತ್ತದ ಅರ್ಧದಷ್ಟನ್ನು, ಒಂದು ಮಿತಿಯೊಳಗೆ, ತನ್ನ ಆದಾಯದಿಂದ ಕಳೆದುಕೊಳ್ಳಬಹುದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ದಾನಿಗಳಿಗೆ ಈ ಕಡಿತವಿಲ್ಲವಾದ್ದರಿಂದ 80ಜಿ ಏಕೆ ಬೇಕೆಂದು ಕೇಳುವವರಿದ್ದಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ನೆರವು ಪಡೆಯುವ ಸಂಘ ಅಥವಾ ಟ್ರಸ್ಟ್‌ಗೆ 12ಎ ಮತ್ತು 80ಜಿ ಎರಡೂ ಇರಬೇಕೆಂಬ ನಿಯಮವನ್ನು ಅವರು ಗಮನಿಸಬೇಕು. ಶಾಲೆಗೆ ಕಂಪ್ಯೂಟರ್, ಆಸ್ಪತ್ರೆಗೆ ಆಂಬುಲೆನ್ಸ್ ಕೇಳಿಕೊಂಡು ಕಂಪನಿಯ ಬಾಗಿಲಿಗೆ ಹೋದಾಗ ಅಲ್ಲಿ ಮೊದಲು ಕೇಳುವುದೇ ಈ ಎರಡು ಕಾಗದಗಳನ್ನು.

ಅವಧಿಯ ಲೆಕ್ಕ

ಹಳೆಯ ಸಂಸ್ಥೆಗಳೆಲ್ಲ ಮರುನೋಂದಣಿ ಮಾಡಿಸಿಕೊಳ್ಳಬೇಕೆಂದು 2021ರಲ್ಲಿ ಸೂಚಿಸಿದಾಗ ಅದಕ್ಕೆ ನಮೂನೆ 10ಎ ನಿಗದಿಯಾಗಿತ್ತು. ಗೊಂದಲ ಎಷ್ಟಿತ್ತೆಂದರೆ ಕೇಂದ್ರ ನೇರ ತೆರಿಗೆ ಮಂಡಳಿ ಗಡುವನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಹೋಗಿ ಕಡೆಗೆ 2024ರ ಜೂನ್ 30ಕ್ಕೆ ನಿಲ್ಲಿಸಿತು. ಹೀಗೆ ಮರುನೋಂದಣಿ ಪಡೆದ ಬಹುತೇಕ ಸಂಸ್ಥೆಗಳ ಐದು ವರ್ಷದ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯಿತು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮೊದಲೇ ಸಲ್ಲಿಸಬೇಕಾದ್ದರಿಂದ, ನಮೂನೆ 10ಎಬಿ ಸಲ್ಲಿಸಲು 2025ರ ಸೆಪ್ಟೆಂಬರ್ 30 ಕೊನೆಯ ದಿನವಾಗಿತ್ತು.

ಸಣ್ಣ ಸಂಸ್ಥೆಗಳ ಪಾಲಿಗೆ 2025ರ ಹಣಕಾಸು ಕಾಯ್ದೆ ಒಂದು ಅನುಕೂಲ ಮಾಡಿಕೊಟ್ಟಿತು. ಅರ್ಜಿ ಸಲ್ಲಿಸುವ ವರ್ಷದ ಹಿಂದಿನ ಎರಡು ವರ್ಷಗಳಲ್ಲಿ, ವಿನಾಯಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲಿನ ಒಟ್ಟು ಆದಾಯ ಯಾವ ವರ್ಷವೂ 5 ಕೋಟಿ ರೂಪಾಯಿ ಮೀರದಿದ್ದರೆ ಅಂಥ ಸಂಸ್ಥೆಯ ನೋಂದಣಿಗೆ ಹತ್ತು ವರ್ಷಗಳ ಆಯುಸ್ಸು. ತಾಲ್ಲೂಕು ಮಟ್ಟದ ಸಂಘಗಳೆಲ್ಲವೂ ಹೆಚ್ಚುಕಡಿಮೆ ಈ ಮಿತಿಯೊಳಗೇ ಬರುತ್ತವೆ.

ಆದರೆ ಈ ಅನುಕೂಲದ ಬೆನ್ನಿಗೇ ಒಂದು ಗುಂಡಿಯೂ ಇದೆ. ಹತ್ತು ವರ್ಷದ ಅವಧಿ 12ಎಬಿ ನೋಂದಣಿಗೆ ಮಾತ್ರ. 80ಜಿ ಅನುಮೋದನೆಯ ಅವಧಿ ಐದೇ ವರ್ಷ. ಇದುವರೆಗೆ ಜೋಡೆತ್ತಿನಂತೆ ಒಟ್ಟಿಗೆ ಸಾಗುತ್ತಿದ್ದ ಎರಡು ದಿನಾಂಕಗಳು ಈಗ ಬೇರೆ ಬೇರೆಯಾಗಿವೆ. 2026ರ ಏಪ್ರಿಲ್ 1ರಿಂದ ನವೀಕರಣಗೊಂಡ ಸಣ್ಣ ಸಂಸ್ಥೆಯ 12ಎಬಿ ನೋಂದಣಿ 2036ರ ಮಾರ್ಚ್ 31ರವರೆಗೆ ನಡೆದರೆ, ಅದೇ ದಿನ ನವೀಕರಣಗೊಂಡ 80ಜಿ 2031ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೆ ಅರ್ಜಿ 2030ರ ಸೆಪ್ಟೆಂಬರ್ 30ರೊಳಗೆ ಹೋಗಬೇಕು. 'ಹತ್ತು ವರ್ಷ ಚಿಂತೆಯಿಲ್ಲ' ಎಂದು ಆದೇಶದ ಪ್ರತಿಯನ್ನು ಬೀರುವಿನಲ್ಲಿಟ್ಟು, ಅಷ್ಟರಲ್ಲಿ ಪದಾಧಿಕಾರಿಗಳೂ ಬದಲಾಗಿಬಿಟ್ಟರೆ 80ಜಿ ಸದ್ದಿಲ್ಲದೆ ಕೈತಪ್ಪುತ್ತದೆ. ಎರಡೂ ಆದೇಶಗಳಲ್ಲಿ ನಮೂದಾಗಿರುವ ಅವಧಿಯನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡುವುದು ಜಾಣತನ.

ಹೊಸದಾಗಿ ಹುಟ್ಟಿದ ಸಂಸ್ಥೆಗಳ ಲೆಕ್ಕ ಇನ್ನೂ ಸೂಕ್ಷ್ಮ. ಅವುಗಳಿಗೆ ಮೊದಲು ದೊರೆಯುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಮೂರು ವರ್ಷ ಸಮಯವಿದೆಯೆಂದು ಸುಮ್ಮನಿರುವುದೇ ಇಲ್ಲಿ ನಡೆಯುವ ಸಾಮಾನ್ಯ ತಪ್ಪು. ಚಟುವಟಿಕೆ ಆರಂಭವಾದ ಆರು ತಿಂಗಳೊಳಗೆ ಅಥವಾ ತಾತ್ಕಾಲಿಕ ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮೊದಲು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆ ದಿನದೊಳಗೆ ಪೂರ್ಣ ನೋಂದಣಿಗೆ ಅರ್ಜಿ ಹಾಕಬೇಕೆಂದು ಕಾನೂನು ಹೇಳುತ್ತದೆ. ನೋಂದಣಿಯ ಮರುವಾರವೇ ಆರೋಗ್ಯ ಶಿಬಿರ ನಡೆಸಿದ ಸಂಸ್ಥೆಯ ಗಡಿಯಾರ ಅಂದಿನಿಂದಲೇ ಓಡಲಾರಂಭಿಸುತ್ತದೆ. ಶಿಬಿರದ ಛಾಯಾಚಿತ್ರವನ್ನು ಪತ್ರಿಕೆಗೆ ಕೊಟ್ಟಿದ್ದರೆ ಚಟುವಟಿಕೆ ಯಾವಾಗ ಆರಂಭವಾಯಿತೆಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಗಡುವು ಬಹುತೇಕರಿಗೆ ಗೊತ್ತೇ ಇರುವುದಿಲ್ಲ. ಸಂಸ್ಥೆಯ ಧ್ಯೇಯೋದ್ದೇಶಗಳನ್ನು ತಿದ್ದುಪಡಿ ಮಾಡಿ, ಆ ತಿದ್ದುಪಡಿ ನೋಂದಣಿಯ ಷರತ್ತುಗಳಿಗೆ ಹೊಂದದಿದ್ದರೆ 30 ದಿನಗಳೊಳಗೆ ತೆರಿಗೆ ಇಲಾಖೆಗೆ ಮತ್ತೆ ಅರ್ಜಿ ಸಲ್ಲಿಸಬೇಕು. ಸರ್ವಸದಸ್ಯರ ಸಭೆಯಲ್ಲಿ ಉತ್ಸಾಹದಿಂದ ಬೈಲಾ ತಿದ್ದಿ, ಸಂಘಗಳ ನೋಂದಣಾಧಿಕಾರಿಯ ಅನುಮೋದನೆಯನ್ನೂ ಪಡೆದು, ಅಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವ ಸಂಘಗಳು ಈ ಬಗ್ಗೆ ಲೆಕ್ಕ ಪರಿಶೋಧಕರನ್ನು ಕೇಳುವುದು ಅಗತ್ಯ.

ಕಳೆದುಕೊಂಡರೆ ಹೋಗುವುದೇನು?

'ಹೋದರೆ ಹೋಗಲಿ, ನಮ್ಮದೇನು ಮಹಾ ಆದಾಯ' ಎನ್ನುವ ಪದಾಧಿಕಾರಿಗಳೂ ಇದ್ದಾರೆ. ಅವರು ತಿಳಿಯಬೇಕಾದ ಸಂಗತಿಯೊಂದಿದೆ. 2016ರ ಜೂನ್ 1ರಿಂದ ಜಾರಿಗೆ ಬಂದ ಸೆಕ್ಷನ್ 115ಟಿಡಿ, ಧರ್ಮಾರ್ಥ ಸಂಸ್ಥೆಯೊಂದು ಆ ಸ್ವರೂಪ ಬಿಟ್ಟು ಹೊರಬಂದರೆ ಅದರ ಆಸ್ತಿಯ ಮೇಲೆಯೇ ತೆರಿಗೆ ವಿಧಿಸುತ್ತದೆ. ಇದು ವರ್ಷದ ಆದಾಯದ ಮೇಲಿನ ತೆರಿಗೆಯಲ್ಲ. ಆಸ್ತಿಯ ಒಟ್ಟು ಮಾರುಕಟ್ಟೆ ಮೌಲ್ಯದಲ್ಲಿ ಸಾಲಸೋಲ ಕಳೆದು ಉಳಿದ ಮೊತ್ತಕ್ಕೆ ಗರಿಷ್ಠ ದರದಲ್ಲಿ ಬೀಳುವ ತೆರಿಗೆ. ವಿನಾಯಿತಿಯ ನೆರಳಿನಲ್ಲಿ ಬೆಳೆಸಿದ ಆಸ್ತಿಯನ್ನು ಖಾಸಗಿ ಲಾಭಕ್ಕೆ ತಿರುಗಿಸುವವರನ್ನು ತಡೆಯುವುದು ಇದರ ಮೂಲ ಉದ್ದೇಶವಾಗಿತ್ತು. 2023ರ ಹಣಕಾಸು ಕಾಯ್ದೆ ಇದಕ್ಕೆ ಒಂದು ಮಾತು ಸೇರಿಸಿತು: ನವೀಕರಣಕ್ಕೆ ಅಥವಾ ಪೂರ್ಣ ನೋಂದಣಿಗೆ ಕಾಲಮಿತಿಯಲ್ಲಿ ಅರ್ಜಿ ಸಲ್ಲಿಸದ ಸಂಸ್ಥೆಯನ್ನೂ ಹಾಗೆ ಹೊರಬಂದ ಸಂಸ್ಥೆಯೆಂದೇ ಪರಿಗಣಿಸಲಾಗುವುದು.

ಇದರ ಅರ್ಥವೇನೆಂದು ಉದಾಹರಣೆಯಿಂದ ನೋಡಬಹುದು. ಮೂವತ್ತು ವರ್ಷದ ಹಿಂದೆ ದಾನಿಯೊಬ್ಬರು ಕೊಟ್ಟ ನಿವೇಶನದಲ್ಲಿ ವಂತಿಗೆ ಎತ್ತಿ ಕಟ್ಟಿದ ವಾಚನಾಲಯವೊಂದಿದೆ ಎನ್ನಿ. ಅದರ ವಾರ್ಷಿಕ ಜಮಾ 4 ಲಕ್ಷ ರೂಪಾಯಿ. ಊರು ಬೆಳೆದು ರಸ್ತೆ ಅಗಲವಾಗಿ ಆ ನಿವೇಶನ ಮತ್ತು ಕಟ್ಟಡದ ಬೆಲೆ ಇಂದು 60 ಲಕ್ಷ. ಸಾಲ 5 ಲಕ್ಷ. ಉಳಿದ 55 ಲಕ್ಷಕ್ಕೆ ಶೇ 30ರಂತೆ ಹಿಡಿದರೂ 16 ಲಕ್ಷದ 50 ಸಾವಿರ. ಇದರ ಮೇಲೆ ಮೇಲ್ತೆರಿಗೆ ಮತ್ತು ಸೆಸ್. ಸ್ಥಿರಾಸ್ತಿಯ ಬೆಲೆ ಕಟ್ಟುವಾಗ ಮೌಲ್ಯಮಾಪಕರು ಹೇಳಿದ ದರ ಮತ್ತು ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ದರ, ಇವೆರಡರಲ್ಲಿ ಹೆಚ್ಚಿನದನ್ನು ತೆಗೆದುಕೊಳ್ಳಲಾಗುತ್ತದೆ. ಕೆಲವು ಬಗೆಯ ಆಸ್ತಿಗಳಿಗೆ ರಿಯಾಯಿತಿಯಿದೆ ಎಂಬುದು ನಿಜ. ಆದರೂ ವರ್ಷಕ್ಕೆ 4 ಲಕ್ಷ ಜಮಾ ಇರುವ ವಾಚನಾಲಯ ಈ ತೆರಿಗೆ ಕಟ್ಟಬೇಕಾದರೆ ಕಟ್ಟಡವನ್ನೇ ಮಾರಬೇಕಾದೀತು. ದಿನಾಂಕ ಮರೆತದ್ದಕ್ಕೆ ಇದು ಅತಿಯಾದ ಶಿಕ್ಷೆ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಬಹುಶಃ ಸರ್ಕಾರಕ್ಕೂ ಇದು ಮನವರಿಕೆಯಾಗಿರಬೇಕು. ತಡವಾಗಿ ಬಂದ ನೋಂದಣಿ ಅರ್ಜಿಯನ್ನು, ಸಕಾರಣವಿದ್ದರೆ ಮನ್ನಿಸಿ ಕಾಲಮಿತಿಯೊಳಗೇ ಬಂದದ್ದೆಂದು ಪರಿಗಣಿಸುವ ಅಧಿಕಾರವನ್ನು 2024ರ ಅಕ್ಟೋಬರ್ 1ರಿಂದ ಆಯುಕ್ತರಿಗೆ ನೀಡಲಾಯಿತು. ಅದಕ್ಕೆ ಮೊದಲು ವಿಳಂಬ ಮನ್ನಾ ಮಾಡುವುದು ಮಂಡಳಿಯ ಕೈಯಲ್ಲೇ ಇತ್ತು. ಆದ್ದರಿಂದ ಗಡುವು ತಪ್ಪಿಸಿಕೊಂಡ ಸಂಸ್ಥೆಗಳು ಕೈಚೆಲ್ಲಿ ಕೂರಬೇಕಾಗಿಲ್ಲ. ಕಾರ್ಯದರ್ಶಿಯ ಅನಾರೋಗ್ಯ, ಪದಾಧಿಕಾರಿಗಳ ನಿಧನ, ಸಂಘದೊಳಗಿನ ವ್ಯಾಜ್ಯ ಮುಂತಾದ ಕಾರಣವನ್ನು ದಾಖಲೆಸಹಿತ ವಿವರಿಸಿ ಅರ್ಜಿ ಸಲ್ಲಿಸಬಹುದು. ಕಾನೂನು ತಿಳಿದಿರಲಿಲ್ಲ ಎಂಬ ಒಂದೇ ಸಾಲಿನ ಕಾರಣಕ್ಕಿಂತ ವೈದ್ಯಕೀಯ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು.

ಹಣವನ್ನು ಕೂಡಿಡುವುದೂ ತಪ್ಪಾಗಬಹುದು

ಮಿತವ್ಯಯ ಗುಣವೆಂದು ನಂಬಿದ ಖಜಾಂಚಿಗಳಿಗೆ ಈ ಕಾನೂನು ವಿಚಿತ್ರವಾಗಿ ಕಾಣುತ್ತದೆ. ಧರ್ಮಾರ್ಥ ಸಂಸ್ಥೆ ತನ್ನ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಆ ವರ್ಷವೇ ತನ್ನ ಧ್ಯೇಯಗಳಿಗಾಗಿ ವಿನಿಯೋಗಿಸಬೇಕು. ಶೇ 15ನ್ನು ಮಾತ್ರ ಯಾವ ಷರತ್ತೂ ಇಲ್ಲದೆ ಉಳಿಸಿಕೊಳ್ಳಬಹುದು. 20 ಲಕ್ಷ ಆದಾಯದ ಸಂಸ್ಥೆ 17 ಲಕ್ಷ ಖರ್ಚು ಮಾಡಬೇಕಾಗುತ್ತದೆ. ಖರ್ಚಾದದ್ದು 12 ಲಕ್ಷವೇ ಆದರೆ ಉಳಿದ 5 ಲಕ್ಷ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಸಭಾಭವನ ಕಟ್ಟಲು ಹಣ ಕೂಡಿಡುವ ಸಂಸ್ಥೆ ಏನು ಮಾಡಬೇಕು? ಅದಕ್ಕೂ ದಾರಿಯಿದೆ. ಯಾವ ಕೆಲಸಕ್ಕೆ, ಎಷ್ಟು ವರ್ಷ, ಎಷ್ಟು ಮೊತ್ತ ಎಂಬುದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಮಾಡಿ, 1961ರ ಕಾಯ್ದೆಯ ನಮೂನೆ 10ರಲ್ಲಿ ಇಲಾಖೆಗೆ ತಿಳಿಸಿದರೆ ಐದು ವರ್ಷದವರೆಗೆ ಆ ಹಣವನ್ನು ಕಾಯ್ದಿಡಬಹುದು. 'ಸಂಘದ ಧ್ಯೇಯೋದ್ದೇಶಗಳಿಗಾಗಿ' ಎಂದು ಮೊಗಮ್ಮಾಗಿ ಬರೆದರೆ ಸಾಲದು. ಸಭಾಭವನವೆಂದರೆ ಸಭಾಭವನ ಎಂದೇ ನಮೂದಿಸಬೇಕು. ಹಿಂದೆ ಐದು ವರ್ಷದ ನಂತರವೂ ಒಂದು ವರ್ಷದ ಸಡಿಲಿಕೆಯಿತ್ತು. 2022ರ ಹಣಕಾಸು ಕಾಯ್ದೆ ಅದನ್ನು ತೆಗೆದುಹಾಕಿದ್ದರಿಂದ ಐದನೆಯ ವರ್ಷದ ಕೊನೆಗೆ ಖರ್ಚಾಗದೆ ಉಳಿದದ್ದು ಆ ವರ್ಷದ್ದೇ ಆದಾಯವಾಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಬಂದ ದೇಣಿಗೆಯನ್ನು ಅದೇ ವರ್ಷ ಖರ್ಚು ಮಾಡಲಾಗದ ಸಂದರ್ಭಕ್ಕೂ ಪ್ರತ್ಯೇಕ ಅವಕಾಶವನ್ನು, ನಮೂನೆ 9ಎ ಮೂಲಕ, ಅದೇ ಕಾಯ್ದೆ ಕಲ್ಪಿಸಿತ್ತು. ಈ ನಮೂನೆಗಳನ್ನೂ ಲೆಕ್ಕ ಪರಿಶೋಧನಾ ವರದಿಯನ್ನೂ ತಡವಾಗಿ ಸಲ್ಲಿಸಿದವರಿಗೆ ಒಂದು ವರ್ಷದವರೆಗಿನ ವಿಳಂಬವನ್ನು ಆಯುಕ್ತರೇ ಮನ್ನಿಸಬಹುದೆಂದು ಮಂಡಳಿ 2024ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು.

ಖರ್ಚು ಎಂದರೆ ಕೈಯಿಂದ ಹಣ ನಿಜವಾಗಿ ಹೋಗಿರಬೇಕು; ಬಿಲ್ಲು ಬಂದು ಪಾವತಿ ಬಾಕಿಯಿದ್ದರೆ ಅದು ಆ ವರ್ಷದ ಖರ್ಚಲ್ಲ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದನ್ನು ವಿನಿಯೋಗವೆಂದು ಒಪ್ಪುವುದಿಲ್ಲ. ಜಾತ್ರೆಯ ಅನ್ನಸಂತರ್ಪಣೆಗೆ ಅಡುಗೆ ಭಟ್ಟರಿಗೆ, ಶಾಮಿಯಾನದವರಿಗೆ, ಮೇಳದವರಿಗೆ ನಗದು ಎಣಿಸಿ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಬಿಟ್ಟುಹೋಗಿಲ್ಲ. ಚೆಕ್ ಅಥವಾ ಯುಪಿಐ ಮೂಲಕ ಪಾವತಿಸುವುದರಲ್ಲಿ ಈಗ ಕಷ್ಟವೂ ಇಲ್ಲ. ಇನ್ನೊಂದು ಟ್ರಸ್ಟ್‌ಗೆ ಕೊಡುವ ದೇಣಿಗೆಯಲ್ಲಿ ಶೇ 85ನ್ನು ಮಾತ್ರ ವಿನಿಯೋಗವೆಂದು ಪರಿಗಣಿಸುವ ನಿಯಮ 2023ರಲ್ಲಿ ಬಂದಿದೆ.

ಉಳಿದ ಹಣವನ್ನು ಎಲ್ಲಿಡಬೇಕೆಂಬುದಕ್ಕೂ ಕಟ್ಟುಪಾಡಿದೆ. ಷೆಡ್ಯೂಲ್ಡ್ ಬ್ಯಾಂಕ್, ಅಂಚೆ ಕಚೇರಿ, ಸರ್ಕಾರಿ ಬಾಂಡ್, ಬ್ಯಾಂಕಿಂಗ್ ವ್ಯವಹಾರ ನಡೆಸುವ ಸಹಕಾರ ಸಂಘ ಮುಂತಾಗಿ ಕಾನೂನು ಹೆಸರಿಸಿದ ಕಡೆ ಮಾತ್ರ ಠೇವಣಿ ಇಡಬೇಕು. ಚೀಟಿ ವ್ಯವಹಾರ, ಖಾಸಗಿ ಲೇವಾದೇವಿ ಸಲ್ಲದು. ಅರ್ಧ ಶೇಕಡಾ ಹೆಚ್ಚು ಬಡ್ಡಿ ಬರುತ್ತದೆಂದು ಊರಿನ ಪತ್ತಿನ ಸಹಕಾರಿಯಲ್ಲಿ ಠೇವಣಿ ಇಡುವ ಮುನ್ನ ಅದು ಈ ಪಟ್ಟಿಯಲ್ಲಿ ಸೇರುತ್ತದೆಯೇ ಎಂದು ವಿಚಾರಿಸಬೇಕು. ಎಲ್ಲ ಪತ್ತಿನ ಸಂಘಗಳೂ ಬ್ಯಾಂಕುಗಳಲ್ಲ.

ಜಾತಿ ಸಂಘಗಳ ಪ್ರಶ್ನೆ

ಕರ್ನಾಟಕದಲ್ಲಿ ಶಿಕ್ಷಣ ಹರಡಿದ್ದರಲ್ಲಿ ಸಮುದಾಯದ ಸಂಘಗಳು ಮತ್ತು ಅವು ನಡೆಸಿದ ವಿದ್ಯಾರ್ಥಿ ನಿಲಯಗಳ ಪಾತ್ರ ದೊಡ್ಡದು. ತೆರಿಗೆ ಕಾನೂನು ಇವುಗಳನ್ನು ನೋಡುವ ದೃಷ್ಟಿ ಬೇರೆ. ನಿರ್ದಿಷ್ಟ ಧಾರ್ಮಿಕ ಸಮುದಾಯ ಅಥವಾ ಜಾತಿಯ ಪ್ರಯೋಜನಕ್ಕಾಗಿಯೇ ಸ್ಥಾಪನೆಯಾದ ಧರ್ಮಾರ್ಥ ಸಂಸ್ಥೆಗೆ, ಅದು 1961ರ ಕಾಯ್ದೆ ಜಾರಿಗೆ ಬಂದ 1962ರ ಏಪ್ರಿಲ್ 1ರ ನಂತರ ಹುಟ್ಟಿದ್ದಾದರೆ, ಆ ಕಾಯ್ದೆ ವಿನಾಯಿತಿ ನಿರಾಕರಿಸುತ್ತಿತ್ತು. ಅದಕ್ಕಿಂತ ಹಳೆಯ ಸಂಘಗಳಿಗೆ ಈ ನಿಷೇಧ ತಾಗುತ್ತಿರಲಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಯನ್ನು ಜಾತಿ ಸಂಸ್ಥೆಯೆಂದು ಪರಿಗಣಿಸಬಾರದೆಂದೂ ಕಾಯ್ದೆಯಲ್ಲೇ ಹೇಳಲಾಗಿತ್ತು. 80ಜಿ ವಿಷಯದಲ್ಲೂ ಇಂಥದೇ ಷರತ್ತಿದೆ.

ಇಲ್ಲಿ ನಿರ್ಣಾಯಕವಾಗುವುದು ಬೈಲಾದ ಭಾಷೆ. 'ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ' ಎಂದು ಬರೆದಿರುವ ಸಂಸ್ಥೆ ವಾಸ್ತವದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಅನ್ನ ಹಾಕುತ್ತಿದ್ದರೂ ನವೀಕರಣದ ಹೊತ್ತಿನಲ್ಲಿ ಅಧಿಕಾರಿಯ ಕಣ್ಣು ಆ ಸಾಲಿನ ಮೇಲೆ ಬೀಳುತ್ತದೆ. ನಡೆಸುತ್ತಿರುವ ಕೆಲಸ ವಿಶಾಲವಾಗಿದ್ದು ಕಾಗದ ಮಾತ್ರ ಸಂಕುಚಿತವಾಗಿದ್ದರೆ, ಕಾಗದವನ್ನು ಸರಿಪಡಿಸಿಕೊಳ್ಳುವುದೇ ಉತ್ತಮ. ಆಗ ಮೇಲೆ ಹೇಳಿದ 30 ದಿನದ ನಿಯಮವನ್ನು ಮರೆಯುವಂತಿಲ್ಲ. 80ಜಿ ಇರುವ ಸಂಸ್ಥೆಗಳು ಧಾರ್ಮಿಕ ಸ್ವರೂಪದ ಖರ್ಚನ್ನು ವರ್ಷದ ಒಟ್ಟು ಆದಾಯದ ಶೇ 5ರೊಳಗೆ ಇಡಬೇಕೆಂಬುದೂ ಗಮನಾರ್ಹ.

ಶಿಕ್ಷಣವೆಂದರೆ ಯಾವುದು?

ಕನ್ನಡ ಪತ್ರಿಕೋದ್ಯಮಕ್ಕೂ ಈ ಕಾನೂನಿಗೂ ಒಂದು ಹಳೆಯ ನಂಟಿದೆ. 'ಸಂಯುಕ್ತ ಕರ್ನಾಟಕ', 'ಕರ್ಮವೀರ' ಮತ್ತು 'ಕಸ್ತೂರಿ'ಗಳನ್ನು ಪ್ರಕಟಿಸುವ ಲೋಕ ಶಿಕ್ಷಣ ಟ್ರಸ್ಟ್, ಪತ್ರಿಕೆಗಳ ಮೂಲಕ ಜನರನ್ನು ಶಿಕ್ಷಿತರನ್ನಾಗಿ ಮಾಡುವುದೂ ಶಿಕ್ಷಣವೇ ಎಂದು ವಾದಿಸಿ ತೆರಿಗೆ ವಿನಾಯಿತಿ ಕೋರಿತ್ತು. 1975ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕ್ರಮಬದ್ಧ ಶಾಲಾ ಶಿಕ್ಷಣ, ಬೋಧನೆ, ತರಬೇತಿ ಮಾತ್ರ ಈ ಕಾನೂನಿನ ದೃಷ್ಟಿಯಲ್ಲಿ ಶಿಕ್ಷಣ ಎಂಬುದು ತೀರ್ಪಿನ ಸಾರ. ಅರ್ಧ ಶತಮಾನ ಕಳೆದರೂ ಆ ವ್ಯಾಖ್ಯೆ ಹಳತಾಗಿಲ್ಲ. 2022ರ ಅಕ್ಟೋಬರ್ 19ರಂದು ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಅವಲಂಬಿಸಿತು.

ಸಣ್ಣ ಸಂಸ್ಥೆಗೆ ಇದರಿಂದ ಏನಾಗಬೇಕು ಎನ್ನಬಹುದು. ಬಡವರ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ಪರಿಸರ ರಕ್ಷಣೆ, ಸ್ಮಾರಕಗಳ ಸಂರಕ್ಷಣೆ, ಇವಲ್ಲದ ಮಿಕ್ಕೆಲ್ಲ ಕೆಲಸಗಳೂ 'ಸಾರ್ವಜನಿಕ ಉಪಯೋಗದ ಇತರ ಉದ್ದೇಶ' ಎಂಬ ಕೊನೆಯ ಗುಂಪಿಗೆ ಸೇರುತ್ತವೆ. ಕಲೆ, ಸಾಹಿತ್ಯ, ಕ್ರೀಡೆಯ ಸಂಘಗಳು ಹೆಚ್ಚಾಗಿ ಇಲ್ಲಿಯೇ ಬರುತ್ತವೆ. ಈ ಗುಂಪಿನ ಸಂಸ್ಥೆ ಶುಲ್ಕ ಪಡೆದು ನಡೆಸುವ ವ್ಯಾಪಾರ ಸ್ವರೂಪದ ಚಟುವಟಿಕೆಯ ಆದಾಯ ಆ ವರ್ಷದ ಒಟ್ಟು ಜಮೆಯ ಶೇ 20ನ್ನು ಮೀರಿದರೆ ಆ ವರ್ಷದ ವಿನಾಯಿತಿ ಇಲ್ಲವಾಗುತ್ತದೆ. ಕಲಾ ಸಂಘವೊಂದು ತನ್ನ ಸಭಾಭವನವನ್ನು ಮದುವೆ-ಮುಂಜಿಗಳಿಗೆ ಕೊಟ್ಟು ಅದರಿಂದಲೇ ಬದುಕುತ್ತಿದ್ದರೆ ಈ ಲೆಕ್ಕವನ್ನು ಪ್ರತಿವರ್ಷ ಮಾರ್ಚ್‌ಗೆ ಮೊದಲೇ ಹಾಕಿ ನೋಡಬೇಕು. ಯಾವ ಗುಂಪಿನ ಸಂಸ್ಥೆಯಾದರೂ ಇಂಥ ವ್ಯವಹಾರಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕ ಇಡುವುದು ಕಡ್ಡಾಯ.

ರಸೀದಿ ಪುಸ್ತಕದಿಂದ ಪೋರ್ಟಲ್‌ವರೆಗೆ

ಹೆಸರು-ವಿಳಾಸವಿಲ್ಲದ ದೇಣಿಗೆ ಇನ್ನೊಂದು ತೊಡಕು. ಅನಾಮಧೇಯ ದೇಣಿಗೆಗಳ ಮೊತ್ತ ವರ್ಷದ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ 30 ತೆರಿಗೆ. ಸಂಪೂರ್ಣ ಧಾರ್ಮಿಕ ಸಂಸ್ಥೆಗಳ ಹುಂಡಿಗೆ ಇದು ಅನ್ವಯಿಸದು; ಆದರೆ ಗೋಶಾಲೆಯ ಮುಂದಿಟ್ಟ ಡಬ್ಬಿಗೆ ಅನ್ವಯಿಸುತ್ತದೆ. ರಸೀದಿಯಲ್ಲಿ 'ಒಬ್ಬ ಭಕ್ತರು', 'ಹಿತೈಷಿಗಳು' ಎಂದು ಬರೆಯುವ ಪರಿಪಾಠವನ್ನು ಬಿಡಬೇಕು. ಹೆಸರು ಪ್ರಕಟಿಸಬಾರದೆಂದು ದಾನಿ ಬಯಸಿದರೆ ಪ್ರಕಟಿಸದಿದ್ದರಾಯಿತು, ಲೆಕ್ಕದಲ್ಲಿ ಇರಲೇಬೇಕು. ಶಾಶ್ವತ ನಿಧಿಗೆಂದು ಕೊಟ್ಟ ಹಣಕ್ಕೆ ದಾನಿಯಿಂದ ಆ ಮಾತನ್ನು ಲಿಖಿತವಾಗಿ ಪಡೆದಿರಬೇಕು ಮತ್ತು ಅದನ್ನು ಪ್ರತ್ಯೇಕವಾಗಿ ಠೇವಣಿ ಇಟ್ಟಿರಬೇಕು.

80ಜಿ ಇರುವ ಸಂಸ್ಥೆಗಳು 2021-22ನೇ ಸಾಲಿನಿಂದ ದಾನಿಗಳ ಪಟ್ಟಿಯನ್ನು ಗುರುತಿನ ಸಂಖ್ಯೆಸಹಿತ ನಮೂನೆ 10ಬಿಡಿಯಲ್ಲಿ ಮೇ 31ರೊಳಗೆ ಸಲ್ಲಿಸಿ, ಪೋರ್ಟಲ್‌ನಿಂದ ಬರುವ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕಾಯಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದಂಡ 10,000ದಿಂದ 1 ಲಕ್ಷದವರೆಗೆ. ಸಂಸ್ಥೆ ಕೊಟ್ಟ ರಸೀದಿ ಎಷ್ಟೇ ಅಂದವಾಗಿದ್ದರೂ ಈ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದಾನಿಗೆ ಕಡಿತ ದೊರೆಯುವುದಿಲ್ಲ. 2,000 ರೂಪಾಯಿ ಮೀರಿದ ನಗದು ದಾನಕ್ಕೂ ಕಡಿತವಿಲ್ಲ.

ಹೊರದೇಶದಲ್ಲಿ ನೆಲೆಸಿದ ಊರಿನ ಮಕ್ಕಳು ಕಳಿಸುವ ಹಣದ ಬಗ್ಗೆ ವಿಶೇಷ ಎಚ್ಚರ ಬೇಕು. ಭಾರತೀಯ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಅಥವಾ ಅಲ್ಲಿನ ಕನ್ನಡ ಸಂಘಗಳು ಕಳಿಸಿದರೆ ಅದು ವಿದೇಶಿ ದೇಣಿಗೆ. ಗೃಹ ಸಚಿವಾಲಯದ ಪ್ರತ್ಯೇಕ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ.

ವಾರ್ಷಿಕ ಲೆಕ್ಕ ಪರಿಶೋಧನೆಯ ವಿಷಯ ಹೆಚ್ಚಿನವರಿಗೆ ತಿಳಿದದ್ದೇ. ವಿನಾಯಿತಿಗೆ ಮೊದಲಿನ ಆದಾಯ ತೆರಿಗೆ ರಹಿತ ಮೂಲ ಮಿತಿಯನ್ನು ದಾಟಿದರೆ ಪರಿಶೋಧನೆ ಕಡ್ಡಾಯ. 1961ರ ಕಾಯ್ದೆಯಡಿ 5 ಕೋಟಿಯೊಳಗಿನ ಸಂಸ್ಥೆಗೆ ನಮೂನೆ 10ಬಿಬಿ, ಅದಕ್ಕಿಂತ ಹೆಚ್ಚಿನದಕ್ಕೆ 10ಬಿ; ವಿದೇಶಿ ದೇಣಿಗೆ ಒಂದು ರೂಪಾಯಿ ಬಂದಿದ್ದರೂ 10ಬಿ. ವರದಿಗೆ ಸೆಪ್ಟೆಂಬರ್ 30, ವಿವರಣ ಪತ್ರಕ್ಕೆ ಅಕ್ಟೋಬರ್ 31 ಗಡುವು. ಲೆಕ್ಕದ ಪುಸ್ತಕಗಳನ್ನು ಹತ್ತು ವರ್ಷ ಕಾಯ್ದಿಡಬೇಕೆಂದು 2022ರ ಆಗಸ್ಟ್‌ನಲ್ಲಿ ಬಂದ ನಿಯಮ ವಿಧಿಸಿತು. ಇದರ ಜೊತೆಗೆ ರಾಜ್ಯದ ಕಾಯ್ದೆಯಂತೆ ಸರ್ವಸದಸ್ಯರ ವಾರ್ಷಿಕ ಸಭೆ ನಡೆಸಿ, 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಅಢಾವೆ ಪತ್ರಿಕೆಯನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸುವ ಕೆಲಸವೂ ಇದೆ. ವರ್ಷಗಟ್ಟಲೆ ಇದನ್ನು ಬಾಕಿಯಿಟ್ಟ ಸಂಘ ತೆರಿಗೆ ಇಲಾಖೆಯ ಮುಂದೆ ತನ್ನ ಕಾರ್ಯ ನೈಜವೆಂದು ಸ್ಥಾಪಿಸುವಾಗ ಪೇಚಿಗೆ ಸಿಲುಕುತ್ತದೆ.

ಕಟ್ಟಡದ ಬಾಡಿಗೆ, ನೌಕರಿ, ಸಾಲ ಇವುಗಳಲ್ಲಿ ಪದಾಧಿಕಾರಿಗಳಿಗೂ ಅವರ ಬಂಧುಗಳಿಗೂ ಅನುಕೂಲ ಮಾಡಿಕೊಡುವುದು ವಿನಾಯಿತಿಗೆ ಮುಳುವಾಗಬಲ್ಲದು. ಕಾರ್ಯದರ್ಶಿಯ ಮನೆಯ ಕೋಣೆಯನ್ನು ಸಂಘಕ್ಕೆ ಬಾಡಿಗೆಗೆ ಪಡೆಯಬಾರದೆಂದೇನೂ ಇಲ್ಲ; ಪೇಟೆಯ ದರಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಹೊಸ ಕಾಯ್ದೆ ಮತ್ತು ನೋಟಿಸು

ಆದಾಯ ತೆರಿಗೆ ಕಾಯ್ದೆ 2025, 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಸ್ಥಾನಕ್ಕೆ ಬಂದಿದೆ. ಹತ್ತಾರು ಕಡೆ ಚದುರಿದ್ದ ನಿಯಮಗಳನ್ನು ಇದರಲ್ಲಿ 332ರಿಂದ 355ರವರೆಗಿನ ಸೆಕ್ಷನ್‌ಗಳಿಗೆ ಒಟ್ಟುಗೂಡಿಸಲಾಗಿದ್ದು, ಇಂಥ ಸಂಸ್ಥೆಗಳಿಗೆ 'ನೋಂದಾಯಿತ ಲಾಭರಹಿತ ಸಂಸ್ಥೆ' ಎಂಬ ಒಂದೇ ಹೆಸರು ಕೊಡಲಾಗಿದೆ. ಶೇ 85ರ ವಿನಿಯೋಗ, ಐದು ವರ್ಷದ ಸಂಚಯ, ನೋಂದಣಿಯ ಅವಧಿ, ಆಸ್ತಿಯ ಮೇಲಿನ ತೆರಿಗೆ ಮುಂತಾದ ಮುಖ್ಯ ಕಟ್ಟುಪಾಡುಗಳು ಮುಂದುವರಿದಿವೆ. 12ಎ, 80ಜಿ ಎಂಬ ಹೆಸರುಗಳು ಇನ್ನಷ್ಟು ಕಾಲ ಜನರ ನಾಲಿಗೆಯಲ್ಲಿ ಉಳಿಯಬಹುದಾದರೂ ಅರ್ಜಿಯಲ್ಲಿ ಹೊಸ ಸಂಖ್ಯೆಗಳನ್ನೇ ನಮೂದಿಸಬೇಕು. 2025-26ನೇ ಸಾಲಿನವರೆಗಿನ ಲೆಕ್ಕಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ಅರ್ಜಿ ಸಲ್ಲಿಸಿದ ನಂತರ ಇಲಾಖೆಯಿಂದ ಅಂಚೆಯಲ್ಲಿ ಕಾಗದ ಬರುತ್ತದೆಂದು ಕಾಯುವುದು ವ್ಯರ್ಥ. ನೋಟಿಸು ಬರುವುದು ಪೋರ್ಟಲ್‌ಗೆ ಮತ್ತು ಅಲ್ಲಿ ನೋಂದಾಯಿಸಿದ ಇ-ಮೇಲ್‌ಗೆ. ಆ ಇ-ಮೇಲ್ ವಿಳಾಸ ಹತ್ತು ವರ್ಷದ ಹಿಂದಿನ ಕಾರ್ಯದರ್ಶಿಯದೋ, ಈಗ ಸಂಪರ್ಕದಲ್ಲಿಲ್ಲದ ಲೆಕ್ಕ ಪರಿಶೋಧಕರದೋ ಆಗಿರುವುದುಂಟು. ಉತ್ತರಕ್ಕೆ ಕೊಟ್ಟ ಕೆಲವೇ ದಿನಗಳ ಸಮಯ ಯಾರಿಗೂ ತಿಳಿಯದೆ ಕಳೆದು, 'ಅರ್ಜಿದಾರರು ದಾಖಲೆ ಒದಗಿಸಿಲ್ಲ' ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಗುತ್ತದೆ. ಅಧ್ಯಕ್ಷರು ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಾಯಿಸುವಷ್ಟೇ ತ್ವರೆಯಿಂದ ಪೋರ್ಟಲ್‌ನಲ್ಲೂ ಅಧಿಕೃತ ಸಹಿದಾರರ ವಿವರ, ದೂರವಾಣಿ, ಇ-ಮೇಲ್ ಬದಲಾಯಿಸಬೇಕು. ವೈಯಕ್ತಿಕ ವಿಳಾಸಕ್ಕಿಂತ ಸಂಘದ ಹೆಸರಿನದೇ ಆದ ಇ-ಮೇಲ್ ತೆರೆದು, ಅದರ ಗುಪ್ತಪದ ಇಬ್ಬರು ಪದಾಧಿಕಾರಿಗಳಿಗಾದರೂ ತಿಳಿದಿರುವಂತೆ ನೋಡಿಕೊಳ್ಳುವುದು ಲೇಸು.

ಕೇಳಲಾಗುವ ದಾಖಲೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಬೈಲಾ ಅಥವಾ ಟ್ರಸ್ಟ್ ಪತ್ರ, ಮೂರು ವರ್ಷದ ಅಢಾವೆ, ಕಾರ್ಯಕ್ರಮಗಳ ವಿವರ ಮತ್ತು ಛಾಯಾಚಿತ್ರ, ಖರ್ಚಿನ ಬಿಲ್ಲು, ದಾನಿಗಳ ಪಟ್ಟಿ. ಕನ್ನಡದಲ್ಲಿರುವ ಬೈಲಾಕ್ಕೆ ಇಂಗ್ಲಿಷ್ ಅನುವಾದವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ. ಅರ್ಜಿ ತಿರಸ್ಕೃತವಾದರೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಲು ಅವಕಾಶವಿದೆ. ಆದೇಶ ಕೈಸೇರಿದ ತಿಂಗಳ ಕೊನೆಯಿಂದ ಎರಡು ತಿಂಗಳು ಅದಕ್ಕಿರುವ ಸಮಯ.